ಫ್ರೇಸರ್ ಕಣಿವೆಯಲ್ಲಿ ಒಂದು ವಾರ: ಸೇಲಿಶ್ ಭಾಷೆಗಳನ್ನು ದಾಖಲಿಸುವ ಕೆಲಸ

ಭಾನುವಾರ, ವ್ಯಾಂಕೂವರ್

ಉತ್ತರ ಅಮೆರಿಕದ ವಾಯವ್ಯ ಭಾಗದ ಮೂಲನಿವಾಸಿಗಳು ಆಡುವ ಸೇಲಿಶ್ ಕುಟುಂಬಕ್ಕೆ ಸೇರಿದ ಭಾಷೆಗಳು 23. ಸುಮಾರು ಅರ್ಧ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿವೆ, ಉಳಿದವು ಅಮೆರಿಕದ ವಾಷಿಂಗ್ಟನ್, ಐಡಾಹೊ, ಮೊಂಟಾನಾ ಕಡೆ. ಒರೆಗಾನ್ ಕರಾವಳಿಯ ಟಿಲಮೂಕ್ ಆಡುವವರಿಲ್ಲದೆ ನಿಂತುಹೋಗಿದೆ. ಕ್ಲಾಲಮ್ ಭಾಷೆಯನ್ನು ತಾಯ್ನುಡಿಯಾಗಿ ಕಲಿತಿದ್ದ ಕೊನೆಯವರಾದ ಹೇಜಲ್ ಸ್ಯಾಂಪ್ಸನ್ 2014ರಲ್ಲಿ, 103ನೇ ವಯಸ್ಸಿನಲ್ಲಿ ತೀರಿಕೊಂಡರು. ಮಿಕ್ಕ ಭಾಷೆಗಳಲ್ಲೂ ಸರಾಗವಾಗಿ ಮಾತಾಡುವವರು ಹೆಚ್ಚಾಗಿ ಅಜ್ಜ ಅಜ್ಜಿಯರೇ. ಮೊಮ್ಮಕ್ಕಳು ಅದನ್ನು ಶಾಲೆಯಲ್ಲೋ ಸಂಜೆ ತರಗತಿಯಲ್ಲೋ ಎರಡನೇ ಭಾಷೆಯಾಗಿ ಕಲಿಯುತ್ತಿದ್ದಾರೆ.

ಈ ವಾರದ ದಾರಿಯಲ್ಲಿ ಒಳನಾಡಿನ ಎರಡು ಸೇಲಿಶ್ ಭಾಷೆಗಳು ಸಿಗುತ್ತವೆ. ಮೊದಲನೆಯದು ಲಿಲೂಯೆಟ್; ಆಡುವವರ ಬಾಯಲ್ಲಿ ಅದು ಹೆಚ್ಚುಕಮ್ಮಿ ‘ಶ್ತ್ಲಾತ್ಲಿಮ್‌ಖಚ್’. ಎರಡನೆಯದು ಅದರ ದಕ್ಷಿಣಕ್ಕಿರುವ ನ್ಲಕಾಪಮುಖ್ ಜನರ ಭಾಷೆ, ಹಳೆಯ ಪುಸ್ತಕಗಳಲ್ಲಿ ಥಾಮ್ಸನ್ ಎಂದು ಕರೆದದ್ದು. 99ನೇ ಹೆದ್ದಾರಿ ಹಿಡಿದು ಮೌಂಟ್ ಕರಿ, ಲಿಲೂಯೆಟ್ ಊರು. ಅಲ್ಲಿಂದ 12ನೇ ಹೆದ್ದಾರಿಯಲ್ಲಿ ಲಿಟ್ಟನ್. ಕೊನೆಗೆ ಸ್ಪೆನ್ಸಸ್ ಬ್ರಿಜ್ ದಾಟಿ ಮೆರಿಟ್.

ಹೊರಡುವ ಮುಂಚೆ ಚೀಲ ಕಟ್ಟುವ ಕೆಲಸ. ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್ (ಮೈಕಿನ ತಂತಿ ಸಿಕ್ಕಿಸುವ ಕಿಂಡಿ) ಇರುವ ಒಂದು ರೆಕಾರ್ಡರ್, ಕೆಟ್ಟರೆ ಇರಲಿ ಎಂದು ಸಣ್ಣದೊಂದು. ತಲೆಗೆ ಹಾಕಿಕೊಳ್ಳುವ ಮೈಕ್ ಎರಡು: ಒಂದು ಹೇಳಿಕೊಡುವವರಿಗೆ, ಇನ್ನೊಂದು ಕೇಳುವವರಿಗೆ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್. ಚಾರ್ಜ್ ಮಾಡಿದ ಡಬಲ್ ಎ ಬ್ಯಾಟರಿ ಎಂಟು, ಜೊತೆಗೆ ಪವರ್ ಬ್ಯಾಂಕ್. ಎಸ್‌ಡಿ ಕಾರ್ಡ್ ನಾಲ್ಕು. ದೊಡ್ಡ ಒಂದಕ್ಕಿಂತ ಸಣ್ಣ ನಾಲ್ಕು ಮೇಲು, ಒಂದು ಕೆಟ್ಟರೆ ಹೋಗುವುದು ಒಂದೇ ದಿನದ ಕೆಲಸ. ಬೇರೆ ಬೇರೆ ಕಂಪನಿಯ ಎರಡು ಹಾರ್ಡ್ ಡಿಸ್ಕ್. ಗೆರೆ ಹಾಕಿದ ನೋಟ್‌ಪುಸ್ತಕ, ನೀರು ಬಿದ್ದರೂ ಹರಡದ ಪೆನ್ನು.

ರೆಕಾರ್ಡರ್‌ನ ಸೆಟ್ಟಿಂಗ್ ಇಂದೇ ಹಾಕಿಡಬೇಕು, ಅಲ್ಲಿ ಹೋಗಿ ತಡಕಾಡುವಂತಾಗಬಾರದು. ವೇವ್ ಫೈಲ್, 48 ಕಿಲೋಹರ್ಟ್ಸ್, 24 ಬಿಟ್. ಹೀಗಿಟ್ಟರೆ ಒಂದು ಚಾನೆಲ್‌ಗೆ ಗಂಟೆಗೆ ಸುಮಾರು 520 ಎಂಬಿ, ಎರಡು ಚಾನೆಲ್ ಸೇರಿ ಒಂದು ಜಿಬಿ ಚಿಲ್ಲರೆ. ಎಂಪಿ3 ಬೇಡವೇ ಬೇಡ. ಕಡತ ಸಣ್ಣದು ಮಾಡಲು ಅದು ಕತ್ತರಿಸಿ ಎಸೆಯುವ ಭಾಗದಲ್ಲಿ ಸ, ಶ ದಂಥ, ಗಾಳಿ ಉಜ್ಜಿ ಹೊರಡುವ ಮೆಲುವಾದ ಘರ್ಷ ಧ್ವನಿಗಳ ವಿವರವೂ ಹೋಗುತ್ತದೆ, ಸೇಲಿಶ್ ಭಾಷೆಗಳಲ್ಲೋ ಅಂಥ ಧ್ವನಿಗಳೇ ಜಾಸ್ತಿ. ತಾನಾಗಿ ಗೇನ್ (ಸದ್ದನ್ನು ಹಿಗ್ಗಿಸುವ ಮಟ್ಟ) ಏರಿಸಿ ಇಳಿಸುವ ಸೌಲಭ್ಯವನ್ನೂ ಆರಿಸಬೇಕು. ಗಂಟಲು ಮುಚ್ಚಿ ಸಿಡಿಸುವ ಎಜೆಕ್ಟಿವ್ ವ್ಯಂಜನದ ಮುಂಚೆ ಒಂದು ಕ್ಷಣ ಪೂರ್ತಿ ಮೌನವಿರುತ್ತದೆ. ಯಂತ್ರ ಆ ಮೌನವನ್ನು ‘ಸದ್ದು ಸಾಲದು’ ಎಂದುಕೊಂಡು ಗೇನ್ ಏರಿಸುತ್ತದೆ, ಹಿಂದೆಯೇ ಬರುವ ಸಿಡಿತ ಒಡೆದು ಕೇಳುತ್ತದೆ. ಗೇನ್ ಕೈಯಲ್ಲೇ ಇಟ್ಟು, ಮಾತಿನ ಶಿಖರ ಮೈನಸ್ 12 ಡೆಸಿಬೆಲ್ ಸುತ್ತ ನಿಲ್ಲುವಂತೆ ನೋಡಿಕೊಂಡರೆ ಸಾಕು.

ಕಾಗದ ಪತ್ರ ಇದಕ್ಕಿಂತ ಎಷ್ಟೋ ತಿಂಗಳು ಮುಂಚಿನ ಕೆಲಸ. ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಒಂದು; ಬ್ಯಾಂಡ್ ಕೌನ್ಸಿಲ್ (ಮೂಲನಿವಾಸಿ ಸಮುದಾಯದ ಆಡಳಿತ ಮಂಡಳಿ) ಅಥವಾ ಆ ಜನರದೇ ಭಾಷಾ ಸಂಸ್ಥೆಯ ಒಪ್ಪಿಗೆ ಇನ್ನೊಂದು. ಎರಡನೆಯದಿಲ್ಲದೆ ಮೊದಲನೆಯದಕ್ಕೆ ಊರಲ್ಲಿ ಬೆಲೆಯಿಲ್ಲ. ಒಡೆತನ, ಹತೋಟಿ, ಬಳಕೆಯ ಹಕ್ಕು, ಸ್ವಾಧೀನ ನಾಲ್ಕೂ ಸಮುದಾಯದ್ದೇ ಎನ್ನುವ ‘ಒಕ್ಯಾಪ್’ ತತ್ವ ಕೆನಡಾದಲ್ಲಿ 1998ರಿಂದ ಚಾಲ್ತಿಯಲ್ಲಿದೆ. ಒಪ್ಪಂದ ಬರೆಯುವಾಗ ಮೂಲ ಕಡತ ಯಾರ ಬಳಿ ಉಳಿಯುತ್ತದೆ ಎಂಬ ಸಾಲನ್ನು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳುವುದು ಒಳ್ಳೆಯದು. ಆಮೇಲೆ ಜಗಳ ಬರುವುದು ಅಲ್ಲಿಂದಲೇ.

ಸೋಮವಾರ, 99ನೇ ಹೆದ್ದಾರಿ

ವ್ಯಾಂಕೂವರ್ ಬಿಟ್ಟು ಒಂದು ಗಂಟೆಯೊಳಗೆ ಸ್ಕ್ವಾಮಿಶ್ ಬರುತ್ತದೆ. 2010ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಈ ದಾರಿಯುದ್ದಕ್ಕೂ ಎರಡು ಭಾಷೆಯ ಊರ ಫಲಕಗಳು ಬಂದವು. ಸ್ಕ್ವಾಮಿಶ್ ಭಾಷೆಯ ಹೆಸರಿನ ಮಧ್ಯೆ ‘7’ ಎಂಬ ಅಂಕಿ ಕಂಡು ಹೊಸಬರು ಮುದ್ರಣದ ತಪ್ಪೆಂದುಕೊಳ್ಳುತ್ತಾರೆ. ತಪ್ಪಲ್ಲ. ಗಂಟಲಲ್ಲಿ ಗಾಳಿಯನ್ನು ಫಕ್ಕನೆ ತಡೆಯುವ ಧ್ವನಿಗೆ ಭಾಷಾಶಾಸ್ತ್ರದಲ್ಲಿರುವ ಚಿಹ್ನೆ ಟೈಪ್‌ರೈಟರ್‌ನಲ್ಲಿ ಇರಲಿಲ್ಲ, ಆಕಾರದಲ್ಲಿ ಹತ್ತಿರವಿದ್ದ 7 ಆ ಜಾಗಕ್ಕೆ ಬಂತು. ವ್ಯಾಂಕೂವರ್ ದ್ವೀಪದ ಸಾನಿಚ್ ಜನರಲ್ಲಿ ಡೇವ್ ಎಲಿಯಟ್ ಎಂಬವರು 1978ರಲ್ಲಿ ಟೈಪ್‌ರೈಟರ್ ಮುಂದಿಟ್ಟುಕೊಂಡೇ ಹೆಚ್ಚುಕಡಿಮೆ ಬರಿ ದೊಡ್ಡಕ್ಷರಗಳ ಲಿಪಿ ಕಟ್ಟಿದರು, ಶಾಲೆಯಲ್ಲಿ ಇಂದಿಗೂ ಅದೇ ನಡೆಯುತ್ತಿದೆ. ಹೊರಗಿನವರು ‘ಇನ್ನೂ ಶಾಸ್ತ್ರೀಯವಾದ ಲಿಪಿ’ ಹಿಡಿದು ಬಂದು ಇದನ್ನು ತಿದ್ದಲು ಹೋಗುವುದು ಬೇಡದ ಕೆಲಸ.

ವಿಸ್ಲರ್, ಪೆಂಬರ್ಟನ್ ದಾಟಿದರೆ ಮೌಂಟ್ ಕರಿ. ಇದು ಲಿಲೂಯೆಟ್ ಭಾಷೆಯ ಕೆಳಸೀಮೆ; ಲಿಲೂಯೆಟ್ ಊರು, ಫೌಂಟನ್ ಸುತ್ತಮುತ್ತ ಮೇಲ್ಸೀಮೆ. ಎರಡು ಸೀಮೆಯ ಮಾತು ಒಂದಕ್ಕೊಂದು ಸಲೀಸಾಗಿ ಅರ್ಥವಾದರೂ ಪದಗಳಲ್ಲಿ, ಉಚ್ಚಾರದಲ್ಲಿ ವ್ಯತ್ಯಾಸವಿದೆ. ಹಾಗಾಗಿ ಮಾತಾಡಿದವರ ವಿವರ ಬರೆಯುವಾಗ ‘ಲಿಲೂಯೆಟ್’ ಎಂದು ನಿಲ್ಲಿಸಬಾರದು. ಹುಟ್ಟಿದ ಹಳ್ಳಿ, ತಾಯಿಯ ಹಳ್ಳಿ, ತಂದೆಯ ಹಳ್ಳಿ, ಚಿಕ್ಕಂದಿನಲ್ಲಿ ಸಾಕಿದವರು ಯಾರು ಎಂಬುದನ್ನು ಕೇಳಿ ಬರೆಯಬೇಕು. ಅಜ್ಜಿಯ ಕೈಯಲ್ಲಿ ಬೆಳೆದವರ ಮಾತು ಓರಗೆಯವರ ಮಾತಿಗಿಂತ ಒಂದು ತಲೆಮಾರು ಹಿಂದಿನದಾಗಿರಬಹುದು.

ಮೊದಲ ದಿನ ರೆಕಾರ್ಡರ್ ಹೊರತೆಗೆಯುವ ಹಾಗಿಲ್ಲ. ಕಚೇರಿಗೆ ಹೋಗಿ ಬಂದ ವಿಷಯ ತಿಳಿಸುವುದು, ಹಿರಿಯರ ಮನೆಯಲ್ಲಿ ಚಹಾ ಕುಡಿಯುವುದು, ಹಿಂದಿನ ಸಲ ಮಾಡಿದ ರೆಕಾರ್ಡಿಂಗ್‌ನ ಪ್ರತಿ ಕೈಗೆ ಕೊಡುವುದು ಇವಿಷ್ಟೇ. ಹಳೆಯ ಬಾಕಿ ತೀರಿಸದೆ ಹೊಸ ಕೆಲಸ ಕೇಳಿದರೆ ಯಾರೂ ಬೈಯುವುದಿಲ್ಲ, ಮುಂದಿನ ಸಲ ಫೋನ್ ಎತ್ತುವುದಿಲ್ಲ ಅಷ್ಟೆ.

ಮೌಂಟ್ ಕರಿಯಿಂದ ಲಿಲೂಯೆಟ್‌ಗೆ ಸುಮಾರು 100 ಕಿಲೋಮೀಟರಿನ ಡಫಿ ಲೇಕ್ ರಸ್ತೆ. ಪೆಟ್ರೋಲ್ ಬಂಕ್ ಇಲ್ಲ, ಮೊಬೈಲ್ ಸಿಗ್ನಲ್ ಇಲ್ಲ. 2021ರ ನವೆಂಬರ್ ಮಳೆಯಲ್ಲಿ ಇಲ್ಲಿ ಗುಡ್ಡ ಕುಸಿದು ಜನ ಸತ್ತಿದ್ದಾರೆ. ರಸ್ತೆ ತೆರೆದಿದೆಯೋ ಇಲ್ಲವೋ ನೋಡಿಕೊಂಡು, ಟ್ಯಾಂಕ್ ತುಂಬಿಸಿಕೊಂಡು, ಬೆಳಕಿರುವಾಗಲೇ ಹೊರಡುವುದು ಕ್ಷೇಮ.

ಮಂಗಳವಾರ, ಲಿಲೂಯೆಟ್: ಸದ್ದಿನ ಕೆಲಸ

ಹಿರಿಯರ ಅಡುಗೆಮನೆಯ ಮೇಜೇ ಸ್ಟುಡಿಯೊ. ಒಳಗೆ ಕಾಲಿಟ್ಟ ಕೂಡಲೆ ಹೆಡ್‌ಫೋನ್ ಹಾಕಿಕೊಂಡು ಒಂದು ನಿಮಿಷ ಸುಮ್ಮನೆ ಕೂತು ಕೇಳಬೇಕು. ಬರಿಗಿವಿಗೆ ಬೀಳದ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ, ಗೋಡೆ ಗಡಿಯಾರದ ಟಿಕ್‌ಟಿಕ್ ಆಗ ಗೊತ್ತಾಗುತ್ತವೆ. ಗಡಿಯಾರವನ್ನು ಪಕ್ಕದ ಕೋಣೆಗೆ ಸಾಗಿಸಿದರಾಯಿತು. ಫ್ರಿಜ್ ಆರಿಸಲು ಮನೆಯವರನ್ನು ಕೇಳಿ, ಆರಿಸಿದ ಮೇಲೆ ನಿಮ್ಮ ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಹೊರಡುವಾಗ ಕೀಲಿಗೆಂದು ಬಾಗಿಲು ತೆರೆಯಲೇಬೇಕು, ಸ್ವಿಚ್ ನೆನಪಾಗುತ್ತದೆ. ಇಲ್ಲವಾದರೆ ಅವರು ಚಳಿಗಾಲಕ್ಕೆಂದು ಕೂಡಿಟ್ಟ ಮೀನು ಹಾಳು. ಮೇಜಿನ ಮೇಲೆ ದಪ್ಪನೆಯ ಟವೆಲ್ ಹಾಸಿದರೆ ಕಪ್ಪು, ಉಂಗುರ, ಬೆರಳು ತಾಗುವ ಸದ್ದು ಅರ್ಧಕ್ಕಿಳಿಯುತ್ತದೆ.

ತಲೆಮೈಕನ್ನು ಬಾಯಿಯ ಎದುರು ಇಡಬಾರದು. ತುಟಿಯ ಮೂಲೆಯಿಂದ ಎರಡು ಮೂರು ಸೆಂಟಿಮೀಟರ್ ಆಚೆ, ಕೆನ್ನೆಯ ಕಡೆಗೆ ಇರಲಿ. ಎದುರಿಟ್ಟರೆ ಎಜೆಕ್ಟಿವ್‌ನ ಗಾಳಿ ನೇರ ಮೈಕಿಗೆ ಬಡಿದು ‘ಪಟ್’ ಎನ್ನುತ್ತದೆ, ಆ ವ್ಯಂಜನದ ನಿಜವಾದ ಸಿಡಿತ ಅದರಡಿ ಮುಚ್ಚಿಹೋಗುತ್ತದೆ. ಶ್ರವಣಯಂತ್ರ ಹಾಕಿಕೊಂಡವರಿಗೆ ತಲೆಮೈಕ್ ಆಗುವುದಿಲ್ಲ, ತಂತಿ ತಾಗಿ ಶ್ರವಣಯಂತ್ರ ಕೀರಲು ಹೊರಡಿಸುತ್ತದೆ. ಅವರಿಗೆ ಸ್ಟ್ಯಾಂಡ್ ಮೈಕನ್ನು ಒಂದು ಗೇಣು ದೂರದಲ್ಲಿ, ಸ್ವಲ್ಪ ಓರೆಯಾಗಿ ಇಡಿ.

ಲಿಲೂಯೆಟ್‌ನಲ್ಲಿ 44 ವ್ಯಂಜನ, 8 ಸ್ವರ. ಕನ್ನಡದ ಕಿವಿಗೆ ಕಷ್ಟ ಕೊಡುವುದು ಮೂರು ಜಾಗ. ಒಂದು, ನಮ್ಮ ಕ ಹುಟ್ಟುವ ಜಾಗಕ್ಕೂ ಹಿಂದೆ, ಕಿರುನಾಲಿಗೆಯ ಹತ್ತಿರ ಹುಟ್ಟುವ ಇನ್ನೊಂದು ಕ. ಇದನ್ನು ವ್ಯಂಜನದಲ್ಲಿ ಹುಡುಕುವ ಬದಲು ಪಕ್ಕದ ಸ್ವರದಲ್ಲಿ ಹುಡುಕುವುದು ಸುಲಭ, ಹಿಂದಿನ ಕ ಪಕ್ಕಕ್ಕೆ ಬಂದ ‘ಇ’ ಸ್ವರ ‘ಎ’ ಕಡೆಗೆ ಇಳಿಯುತ್ತದೆ. ಎರಡು, ನಾಲಿಗೆಯ ಪಕ್ಕದಿಂದ ಗಾಳಿ ಸುಯ್ಯೆಂದು ಹೋಗುವ, ನಾದವೇ ಇಲ್ಲದ ಲ. ಮೂರು, ಎಜೆಕ್ಟಿವ್‌ಗಳು. ನಮ್ಮ ಮಹಾಪ್ರಾಣ ಇದಲ್ಲ. ಖ, ಥ ಹೇಳುವಾಗ ಶ್ವಾಸಕೋಶದಿಂದ ಗಾಳಿ ನುಗ್ಗುತ್ತದೆ. ಎಜೆಕ್ಟಿವ್‌ನಲ್ಲಿ ಗಂಟಲು ಮುಚ್ಚಿಕೊಂಡು ಮೇಲೇರಿ, ಬಾಯಲ್ಲಿ ಸಿಕ್ಕಿಬಿದ್ದ ಗಾಳಿ ಮಾತ್ರ ಸಿಡಿಯುತ್ತದೆ. ಕನ್ನಡಿಗರು ಮೊದಮೊದಲು ಎಜೆಕ್ಟಿವ್‌ಗಳನ್ನೆಲ್ಲ ಮಹಾಪ್ರಾಣ ಎಂದೇ ಬರೆದುಕೊಳ್ಳುತ್ತಾರೆ. ದನಿಯನ್ನು ಚಿತ್ರವಾಗಿ ತೋರಿಸುವ ಪ್ರಾಟ್ ತಂತ್ರಾಂಶದಲ್ಲಿ ತೆರೆದು ನೋಡಿದರೆ ಅನುಮಾನವಿರುವುದಿಲ್ಲ. ಮಹಾಪ್ರಾಣದಲ್ಲಿ ಸಿಡಿತದ ನಂತರ ಉಸಿರಿನ ಗರಿಗರಿ ಗೆರೆಗಳು, ಎಜೆಕ್ಟಿವ್‌ನಲ್ಲಿ ಸಿಡಿತದ ನಂತರ ಹತ್ತಾರು ಮಿಲಿಸೆಕೆಂಡು ಬಯಲು, ಆಮೇಲೆ ಒಮ್ಮೆಲೆ ಸ್ವರ.

ಪದಗಳನ್ನು ಮೂರು ಸಲ ಹೇಳಿಸಿಕೊಳ್ಳುವ ರೂಢಿಯಿದೆ. ಅಳತೆಗೆ ನಡುವಿನದು ಒಳ್ಳೆಯದು. ಮೊದಲನೆಯದರಲ್ಲಿ ತಡವರಿಕೆ, ಕೊನೆಯದರಲ್ಲಿ ದನಿ ಇಳಿದಿರುತ್ತದೆ. ಆದರೆ ಪದಪಟ್ಟಿಗೆ ಅರ್ಧ ಗಂಟೆಗಿಂತ ಜಾಸ್ತಿ ಕೊಡುವುದು ದಂಡ. ಹಿರಿಯರಿಗೆ ಬೇಸರ ಬರುತ್ತದೆ, ನಮಗೆ ಸಿಗುವುದೂ ಕಮ್ಮಿ.

ಬುಧವಾರ, ಲಿಲೂಯೆಟ್: ಪ್ರಶ್ನೆ ಕೇಳುವ ಕೆಲಸ

ಯಂತ್ರದ ವಿಷಯ ಎರಡು ವಾರದಲ್ಲಿ ಯಾರಿಗಾದರೂ ಬರುತ್ತದೆ. ಪ್ರಶ್ನೆ ಕೇಳುವುದು ಹಾಗೆ ಬರುವುದಿಲ್ಲ, ಹೆಚ್ಚಿನ ಕ್ಷೇತ್ರಕಾರ್ಯ ಕೆಡುವುದೂ ಇಲ್ಲೇ.

ಬೆಳಗಿನ ಬೈಠಕ್ ಒಂದೂವರೆ ಗಂಟೆ, ನಡುವೆ ಚಹಾಕ್ಕೆ ಬಿಡುವು. ಅದಕ್ಕಿಂತ ಹೆಚ್ಚಾದರೆ ಉತ್ತರ ಬರುತ್ತದೆ, ಯೋಚನೆ ಬರುವುದಿಲ್ಲ. ಆಯಾ ದಿನದ ದುಡ್ಡು ಆಯಾ ದಿನವೇ, ಗಂಟೆಯ ಲೆಕ್ಕದಲ್ಲಿ, ಲಕೋಟೆಯಲ್ಲಿಟ್ಟು. ಇಪ್ಪತ್ತು ವಾಕ್ಯ ತಯಾರಿಟ್ಟುಕೊಂಡರೆ ಹನ್ನೆರಡು ಮುಗಿದೀತು. ಮೊದಲ ನಾಲ್ಕೈದು ಉತ್ತರ ಗೊತ್ತಿರುವ ಸುಲಭದವು; ಮುಖ್ಯವಾದವು ನಡುವೆ; ಕೊನೆಗೆ ಮತ್ತೆ ಸುಲಭದವು. ಮುಖ್ಯವಾದ ವಾಕ್ಯಗಳನ್ನು ಸಾಲಾಗಿ ಕೇಳಬಾರದು. ಒಂದಕ್ಕೆ ‘ಆಗುತ್ತೆ’ ಎಂದವರು ಅದೇ ಗುಂಗಿನಲ್ಲಿ ಮುಂದಿನದಕ್ಕೂ ಆಗುತ್ತೆ ಅನ್ನುತ್ತಾರೆ.

ಕೇಳುವ ಬಗೆ ಮೂರು. ಸನ್ನಿವೇಶ ಹೇಳಿ ಇಂಗ್ಲಿಷ್ ವಾಕ್ಯವನ್ನು ಅವರ ಭಾಷೆಗೆ ತಿರುಗಿಸಲು ಕೇಳುವುದು. ನಾವೇ ಆ ಭಾಷೆಯಲ್ಲಿ ವಾಕ್ಯ ಕಟ್ಟಿ ‘ಹೀಗೆ ಅನ್ನಬಹುದಾ’ ಎಂದು ಕೇಳುವುದು. ಅನ್ನಬಹುದಾದ ವಾಕ್ಯವನ್ನೇ ಈ ಸನ್ನಿವೇಶದಲ್ಲಿ ಅನ್ನಬಹುದಾ ಎಂದು ಕೇಳುವುದು. ಮೂರನೆಯದರಲ್ಲೇ ಅರ್ಥದ ಗುಟ್ಟು ಸಿಗುವುದು. ‘ಈ ಪದಕ್ಕೆ ಅರ್ಥವೇನು’, ‘ಯಾಕೆ ತಪ್ಪು’ ಎಂಬೆರಡು ಪ್ರಶ್ನೆ ಬಾಯಿಗೆ ಬರಲೇಬಾರದು. ‘ಹೋಗಿಬಿಟ್ಟ’ ಎನ್ನುವುದರಲ್ಲಿ ‘ಬಿಟ್ಟ’ ಯಾಕೆ ಇದೆ ಎಂದು ದಾರಿಯಲ್ಲಿ ಹೋಗುವ ಕನ್ನಡಿಗರನ್ನು ನಿಲ್ಲಿಸಿ ಕೇಳಿದರೆ ಅವರೇನು ಹೇಳಬೇಕು? ಕಾರಣ ಹುಡುಕುವುದು ನಮ್ಮ ಕೆಲಸ.

ಲಿಲೂಯೆಟ್‌ನಲ್ಲಿ ವಾಕ್ಯದ ಮೊದಲಿಗೆ ಆಖ್ಯಾತ, ಅಂದರೆ ಏನಾಯಿತು ಅಥವಾ ಏನು ಎಂದು ಹೇಳುವ ಪದ, ಬರುತ್ತದೆ. ‘ಕ್ವಚಾಚ್ ತಿ ಶ್ಮೂಲ್‌ಹಚ’ ಎಂದರೆ ಹೆಂಗಸು ಹೊರಟುಹೋದಳು. ತಿರುಗಿಸಿ ‘ಶ್ಮೂಲ್‌ಹಚ್ ತಿ ಕ್ವಚಾಚ’ ಎಂದರೆ ಹೊರಟುಹೋದದ್ದು ಹೆಂಗಸು. (ಕನ್ನಡ ಲಿಪಿಯಲ್ಲಿ ಬರೆದಿರುವುದು ಹತ್ತಿರಕ್ಕಷ್ಟೇ.) ನಾಮಪದವೂ ಕ್ರಿಯಾಪದವೂ ಒಂದೇ ಜಾಗದಲ್ಲಿ ಕೂರುವುದನ್ನು ಕಂಡು, ಈ ಭಾಷೆಗಳಲ್ಲಿ ನಾಮ-ಕ್ರಿಯೆ ಎಂಬ ಭೇದವೇ ಇಲ್ಲ ಎಂದು ವಾದಿಸಿದವರಿದ್ದಾರೆ; ಭಾಷಾಶಾಸ್ತ್ರಜ್ಞ ಡೇಲ್ ಕಿಂಕೇಡ್ 1983ರಲ್ಲಿ ಬರೆದದ್ದು ಅದನ್ನೇ. ಭೇದವಿದೆ ಎಂದು ಯಾನ್ ವಾನ್ ಐಕ್ ಮತ್ತು ಥಾಮ್ ಹೆಸ್ 1986ರಲ್ಲಿ ತೋರಿಸಿದರು: ಷಷ್ಠಿಯ ಪ್ರತ್ಯಯಗಳು, ಕ್ರಿಯೆಯ ಸ್ಥಿತಿ ತೋರಿಸುವ (ಆಸ್ಪೆಕ್ಟ್) ರೂಪಗಳು ಎಲ್ಲ ಪದಕ್ಕೂ ಹತ್ತುವುದಿಲ್ಲ. ವಾಕ್ಯದ ಜಾಗವನ್ನಷ್ಟೇ ನೋಡಿದವರಿಗೆ ಒಂದು ಉತ್ತರ, ಪದದ ಒಡಲನ್ನು ನೋಡಿದವರಿಗೆ ಇನ್ನೊಂದು. ಪ್ರಶ್ನೆಪಟ್ಟಿಯಲ್ಲಿ ಎರಡಕ್ಕೂ ಜಾಗವಿರಬೇಕು.

ಇವತ್ತಿನ ಮುಖ್ಯ ವಿಷಯ ಕೆಲಸ ‘ಮುಗಿಯುವುದು’. ದೇವದಾರಿನ ಬೇರು ಸೀಳಿ ಸುರುಳಿ ಸುತ್ತಿ ಹೆಣೆಯುವ ಬುಟ್ಟಿ ಈ ಕಣಿವೆಯ ಹೆಸರುವಾಸಿ ಕಸುಬು. ಸನ್ನಿವೇಶ ಹೀಗೆ: ನಿನ್ನೆ ನೀವು ಬುಟ್ಟಿ ಹೆಣೆಯಲು ಕೂತಿರಿ, ತಳ ಆಯಿತು, ಪಕ್ಕ ಏರಿಸುವಾಗ ಬೇರು ಖಾಲಿಯಾಯಿತು. ಈಗ ವಾಕ್ಯ: ‘ಬುಟ್ಟಿ ಮಾಡಿದೆ, ಆದರೆ ಮುಗಿಯಲಿಲ್ಲ.’ ಅಲ್ಲಿ ಹಿರಿಯ ಹೆಂಗಸರನ್ನು ಆಂಟಿ ಎಂದು ಕರೆಯುವುದು ವಾಡಿಕೆ.

“ಈ ಮಾತು ಸರಿ ಕೇಳಿಸುತ್ತಾ, ಆಂಟಿ?”

“ಸರಿನೇ. ಬೇರು ಖಾಲಿ ಆಯ್ತು ಅಂದ್ಯಲ್ಲ.”

ಇಂಗ್ಲಿಷ್‌ನಲ್ಲಿ ‘ಮಾಡಿದೆ’ ಎಂದವರು ‘ಮುಗಿದಿಲ್ಲ’ ಎನ್ನುವಂತಿಲ್ಲ; ಲಿಲೂಯೆಟ್‌ನಲ್ಲಿ ಸಾಮಾನ್ಯ ಸಕರ್ಮಕ ಪ್ರತ್ಯಯ ಹತ್ತಿದ ಕ್ರಿಯೆ ಕೆಲಸಕ್ಕೆ ಕೈ ಹಾಕಿದ್ದನ್ನು ಹೇಳುತ್ತದೆ, ಮುಗಿದದ್ದನ್ನು ಹೊಣೆಯಿಟ್ಟು ಹೇಳುವುದಿಲ್ಲ. ಈಗ ಅದೇ ಧಾತುವಿಗೆ ಮುಂದೊಂದು ‘ಕ’, ಹಿಂದೊಂದು ‘ಅ’ ಸುತ್ತಿಸಿ, ಅದೇ ಸನ್ನಿವೇಶದಲ್ಲಿ ಕೇಳಬೇಕು.

“ಉಹೂಂ. ಮಾಡಿ ಮುಗಿಸಿದ್ದನ್ನ ಮುಗಿದಿಲ್ಲ ಅಂತ ಯಾರು ಹೇಳ್ತಾರೆ?”

ಈ ಎರಡನೆಯ ಉತ್ತರ ಇಲ್ಲದೆ ಮೊದಲನೆಯದಕ್ಕೆ ಬೆಲೆಯಿಲ್ಲ. ಬರೀ ‘ಸರಿ’ ಎಂದವರು ಮರ್ಯಾದೆಗೆ ಎಂದಿರಬಹುದು. ಒಂದು ಸರಿ, ಅದರ ಜೋಡಿ ತಪ್ಪು, ಎರಡಕ್ಕೂ ಒಂದೇ ಸನ್ನಿವೇಶ ಇಷ್ಟು ಕೂಡಿದರೆ ಅದು ಪುರಾವೆ. ‘ಯಾರು ಹೇಳ್ತಾರೆ’ ಎಂಬ ಆ ಮಾತನ್ನೂ ಅಕ್ಷರಶಃ ಬರೆದುಕೊಳ್ಳಬೇಕು. ತಪ್ಪು ವ್ಯಾಕರಣದ್ದೋ ಸನ್ನಿವೇಶದ್ದೋ ಎಂದು ಐದು ವರ್ಷದ ಮೇಲೆ ತಿಳಿಯುವುದು ಅದರಿಂದಲೇ. ವ್ಯಾಕರಣ ಕೆಟ್ಟದ್ದಕ್ಕೆ ನಕ್ಷತ್ರದ ಗುರುತು, ಸನ್ನಿವೇಶಕ್ಕೆ ಹೊಂದದ್ದಕ್ಕೆ ಹ್ಯಾಶ್ ಗುರುತು; ಎರಡನ್ನೂ ಕಲಸಿ ಬರೆದಿಟ್ಟ ಹಳೆಯ ನೋಟ್‌ಪುಸ್ತಕಗಳು ಎಷ್ಟೋ ಕಡೆ ಉಪಯೋಗಕ್ಕೆ ಬಾರದೆ ಬಿದ್ದಿವೆ.

ಇದೇ ಸುತ್ತುಪ್ರತ್ಯಯ ಬೇರೆ ಸನ್ನಿವೇಶದಲ್ಲಿ ‘ಮಾಡಬಲ್ಲೆ’, ‘ಅಚಾನಕ್ಕಾಗಿ ಆಯಿತು’, ‘ಅಂತೂ ಮಾಡಿದೆ’ ಎಂಬರ್ಥವನ್ನೂ ಕೊಡುತ್ತದೆ. ಸನ್ನಿವೇಶ ಬರೆಯದೆ ಅನುವಾದವನ್ನು ಮಾತ್ರ ಬರೆದುಕೊಂಡವರ ಪುಸ್ತಕದಲ್ಲಿ ಇದು ನಾಲ್ಕು ಬೇರೆ ಪ್ರತ್ಯಯವಾಗಿ ಕೂತಿರುತ್ತದೆ. ಅಂದಹಾಗೆ ಇಲ್ಲಿ ಕನ್ನಡಿಗರಿಗೆ ಸ್ವಲ್ಪ ಅನುಕೂಲವಿದೆ. ‘ಎಷ್ಟು ಎಬ್ಬಿಸಿದೆ, ಏಳಲೇ ಇಲ್ಲ’ ಎಂದು ದಿನಾ ಬೆಳಿಗ್ಗೆ ಹೇಳುವವರಿಗೆ ಎಬ್ಬಿಸುವುದು ಬೇರೆ, ಏಳುವುದು ಬೇರೆ ಎಂಬುದು ಹೊಸತಲ್ಲ. ಅನುಕೂಲ ಅಲ್ಲಿಗೇ ನಿಲ್ಲುತ್ತದೆ, ಕನ್ನಡದ ಲೆಕ್ಕ ಹಿಡಿದು ಊಹಿಸಿದರೆ ಮುಂದಿನ ಕ್ರಿಯಾಪದದಲ್ಲೇ ಎಡವಬೇಕಾಗುತ್ತದೆ.

ಗುರುವಾರ, ಬ್ರಿಜ್ ರಿವರ್ ಕಡೆ

ಫ್ರೇಸರ್ ನದಿ ಇಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ ಹರಿಯುತ್ತದೆ, ದಡದಲ್ಲಿ ಮೀನು ಒಣಗಿಸುವ ಕಂಬಗಳ ಚಪ್ಪರ. ಜುಲೈ, ಆಗಸ್ಟ್‌ನಲ್ಲಿ ಸಾಕ್‌ಐ ಸಾಲ್ಮನ್ ಹತ್ತಿ ಬಂದಾಗ ಸೀಳಿ, ಅಡ್ಡಡ್ಡ ಗೀರು ಹಾಕಿ, ಬಿಸಿಗಾಳಿಗೆ ತೂಗುಹಾಕುತ್ತಾರೆ. ಹೊಗೆ ಹಾಕುವುದಿಲ್ಲ, ಗಾಳಿಯೇ ಒಣಗಿಸಬೇಕು. ಆ ದಿನಗಳಲ್ಲಿ ವ್ಯಾಕರಣ ಹೇಳಿಕೊಡಿ ಎಂದು ಯಾರನ್ನೂ ಕೇಳಬಾರದು. ಜೂನ್ ಮೊದಲ ವಾರಗಳು, ಇಲ್ಲವೇ ಸೆಪ್ಟೆಂಬರ್ ನಂತರ ಆಗಬಹುದು. ಕಥೆಗೂ ಕಾಲವಿದೆ: ಮೊಂಟಾನಾದ ಸೇಲಿಶ್ ಜನ ಕಯೋಟಿಯ (ನರಿ, ತೋಳದ ಜಾತಿಯ ಪ್ರಾಣಿ) ಕಥೆಗಳನ್ನು ಹಿಮ ಬಿದ್ದಿರುವಾಗ ಮಾತ್ರ ಹೇಳುತ್ತಾರೆ. ಊರೂರಿನ ನಿಯಮ ಬೇರೆ, ಕೇಳಿ ತಿಳಿದುಕೊಳ್ಳಬೇಕು.

ಇವತ್ತು ಕಥೆಯ ಬದಲು ಚಿತ್ರಪಟ. ಹನ್ನೆರಡು ಹದಿನೈದು ಚಿತ್ರಗಳ ಒಂದು ಸಣ್ಣ ಕಥೆ ಬರೆದಿಟ್ಟುಕೊಂಡು, ಒಮ್ಮೆ ಇಂಗ್ಲಿಷ್‌ನಲ್ಲಿ ಹೇಳಿ, ಆಮೇಲೆ ಚಿತ್ರ ನೋಡಿಕೊಂಡು ಅವರದೇ ಮಾತಿನಲ್ಲಿ ಹೇಳಿಸುವುದು. ಎರಡರ ನಡುವೆ ಬೇರೆ ಏನಾದರೂ ಹತ್ತು ನಿಮಿಷ ಮಾತಾಡಬೇಕು, ಇಲ್ಲದಿದ್ದರೆ ಇಂಗ್ಲಿಷ್ ವಾಕ್ಯದ ಅಚ್ಚು ಅನುವಾದದಲ್ಲಿ ಉಳಿದುಬಿಡುತ್ತದೆ. ಬೇಕಾದ ರೂಪ ಬರುವಂತೆ ಕಥೆಯನ್ನು ಕಟ್ಟಿರುತ್ತೇವೆ, ಹೇಳುವವರಿಗೆ ಅದು ಗೊತ್ತಾಗಬಾರದು.

ಇವತ್ತು ಬೇಕಾದದ್ದು, ಹೇಳುವ ಸುದ್ದಿ ಎಲ್ಲಿಂದ ಬಂತು ಎಂದು ತೋರಿಸುವ ಕಿರುಪದಗಳು. ಲಿಲೂಯೆಟ್‌ನಲ್ಲಿ ಕುರುಹು ನೋಡಿ ಊಹಿಸಿದ್ದಕ್ಕೆ ಒಂದು, ಇನ್ನೊಬ್ಬರು ಹೇಳಿದ್ದಕ್ಕೆ ಒಂದು, ಕಣ್ಣಿಗೆ ಕಾಣದೆ ಕಿವಿಗೋ ಮೂಗಿಗೋ ಸಿಕ್ಕಿದ್ದಕ್ಕೆ ಮತ್ತೊಂದು. ಒಂದೇ ವಾಕ್ಯ, ‘ಅವರು ಮನೆಗೆ ಬಂದರು’. ಬಾಗಿಲಲ್ಲಿ ಅವರ ಬೂಟು ಕಂಡಿತು. ತಂಗಿ ಫೋನ್ ಮಾಡಿ ಹೇಳಿದಳು. ಕೆಳಗೆ ಹೆಜ್ಜೆ ಸಪ್ಪಳ ಕೇಳಿಸಿತು. ಮೂರು ಚಿತ್ರ, ಮೂರು ಕಿರುಪದ. ‘ಬಂದಿರಬೇಕು’, ‘ಬಂದರಂತೆ’ ಎಂದು ಮೊದಲೆರಡನ್ನು ನಾವೂ ಬೇರ್ಪಡಿಸುತ್ತೇವೆ. ಮೂರನೆಯದಕ್ಕೆ ನಮ್ಮಲ್ಲಿ ಪ್ರತ್ಯಯವಿಲ್ಲ. ಇಂಗ್ಲಿಷ್‌ನಲ್ಲಿ ಕೇಳುವವರು ಮೂರಕ್ಕೂ ಯಾವುದಾದರೊಂದು ‘ಬಹುಶಃ’ ಸೇರಿಸಿಬಿಡುತ್ತಾರೆ, 'ಬಹುಶಃ' ಎಂದು ಕೇಳಿದವರಿಗೆ ಊಹೆಯ ಕಿರುಪದವೇ ಸಿಗುತ್ತದೆ. ಇಲ್ಲಿ ಮಾತಿಗಿಂತ ಚಿತ್ರ ಮೇಲಾಗುವುದು ಅದಕ್ಕೇ.

ಸಂಜೆ, ಮಾಡುವ ವಿಧಾನ ಹೇಳುವ ಒಂದು ರೆಕಾರ್ಡಿಂಗ್. ಸೋಪ್‌ಬೆರಿ ಹಣ್ಣನ್ನು ನೀರಿನೊಂದಿಗೆ ಕಡೆದು ನೊರೆ ಬರಿಸುವ ತಿನಿಸು ಇಲ್ಲಿಯ ಮನೆಮನೆಯದ್ದು. ಪಾತ್ರೆಗೆ, ಕೈಗೆ ಒಂದು ಹನಿ ಜಿಡ್ಡಿದ್ದರೂ ನೊರೆ ಏಳುವುದಿಲ್ಲ. ಹಾಗಾಗಿ ತೊಳೆ, ಒರೆಸು, ಮತ್ತೆ ತೊಳೆ ಎಂಬಲ್ಲಿಂದಲೇ ಮಾತು ಶುರು. ಇಂಥ ರೆಕಾರ್ಡಿಂಗ್‌ನಲ್ಲಿ ಆಜ್ಞಾರ್ಥಕ, ಸಕರ್ಮಕ ಪ್ರತ್ಯಯ, ‘ಆಮೇಲೆ’ ‘ಅಷ್ಟರಲ್ಲಿ’ ಎಂಬ ಜೋಡಣೆಗಳು ಧಾರಾಳವಾಗಿ ಸಿಗುತ್ತವೆ. ವಾಕ್ಯ ಕೇಳಿ ಕೇಳಿ ಹೇಳಿಸುವ ಎಲಿಸಿಟೇಶನ್‌ನಲ್ಲಿ ವಾರಗಟ್ಟಲೆ ಕೇಳಿದರೂ ಇಷ್ಟು ಸಹಜವಾಗಿ ಸಿಗವು. ಒಂದು ನಿಮಿಷದ ಇಂಥ ಮಾತನ್ನು ಬರೆದು, ಬಿಡಿಸಿ, ಅನುವಾದಿಸಲು ಹೇಳಿದವರ ಜೊತೆ ಕೂತೇ ಒಂದು ಗಂಟೆ ಬೇಕು. ಅದಕ್ಕೇ ಹೊಸತು ರೆಕಾರ್ಡ್ ಮಾಡುವ ಆಸೆಗೆ ಕಡಿವಾಣವಿರಬೇಕು. ಬಿಡಿಸದೆ ಉಳಿದ ನೂರು ಗಂಟೆಗಿಂತ ಬಿಡಿಸಿಟ್ಟ ಎರಡು ಗಂಟೆ ಮುಂದಿನವರಿಗೆ ದಕ್ಕುತ್ತದೆ.

ಶುಕ್ರವಾರ, ಲಿಟ್ಟನ್

ಲಿಲೂಯೆಟ್‌ನಿಂದ ಸುಮಾರು 65 ಕಿಲೋಮೀಟರ್. ಥಾಮ್ಸನ್ ನದಿ ಫ್ರೇಸರ್‌ಗೆ ಸೇರುವ ಜಾಗ, ನ್ಲಕಾಪಮುಖ್ ಜನರ ಹಳೆಯ ನೆಲೆ. 2021ರ ಜೂನ್ 29ರಂದು ಇಲ್ಲಿ 49.6 ಡಿಗ್ರಿ ಬಿಸಿಲು, ಕೆನಡಾದಲ್ಲೇ ದಾಖಲೆ. ಮರುದಿನ ಬೆಂಕಿಗೆ ಊರಿನ ಬಹುಪಾಲು ಸುಟ್ಟುಹೋಯಿತು. ಊರಿನ ಮ್ಯೂಸಿಯಂ ಕೂಡ. ಕಡತಗಳ ಪ್ರತಿ ಮೂರು ಇರಬೇಕು, ಎರಡು ಬೇರೆ ಬಗೆಯ ಸಾಧನದಲ್ಲಿರಬೇಕು, ಒಂದು ಬೇರೆ ಊರಲ್ಲಿರಬೇಕು ಎಂಬ ನಿಯಮವನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ದಿನದ ಕಾರ್ಡನ್ನು ರಾತ್ರಿಯೇ ಎರಡು ಡಿಸ್ಕಿಗೆ ಇಳಿಸಿ, ಚೆಕ್‌ಸಮ್ (ಪ್ರತಿ ಮೂಲದಂತೆಯೇ ಇದೆಯೇ ಎಂದು ತಾಳೆ ನೋಡುವ ಸಂಖ್ಯೆ) ಹೊಂದಿಸಿ ನೋಡಿ, ಆಮೇಲೆ ಕಾರ್ಡಿನ ಬೀಗದ ಗುಂಡಿ ಸರಿಸಿ ಪಕ್ಕಕ್ಕಿಡುವುದು. ಒಂದು ಡಿಸ್ಕ್ ಕೋಣೆಯಲ್ಲಿ, ಇನ್ನೊಂದು ಕಾರಿನಲ್ಲಿ ಬೇಡ (ಬೇಸಗೆಯ ಕಾರಿನೊಳಗೆ ಡಿಸ್ಕ್ ಬೇಯುತ್ತದೆ), ಬೇರೆಯವರ ಮನೆಯಲ್ಲಿ.

ಕಣಿವೆಯ ಎರಡೂ ದಡದಲ್ಲಿ ರೈಲು ಹಳಿ. ಗೂಡ್ಸ್ ಗಾಡಿ ಬಂದರೆ ನಿಮಿಷಗಟ್ಟಲೆ ಸದ್ದು. ವಾಕ್ಯ ಹೇಳಿಸುತ್ತಿದ್ದರೆ ನಿಲ್ಲಿಸಿ ಕಾಯಬಹುದು. ಕಥೆ ನಡೆಯುತ್ತಿದ್ದರೆ ಕೈ ಅಡ್ಡ ಹಾಕಬಾರದು, ಕಡಿದ ಕಥೆ ಮತ್ತೆ ಅದೇ ಜಾಗದಿಂದ ಶುರುವಾಗುವುದಿಲ್ಲ. ಹೊತ್ತು ಬರೆದಿಟ್ಟುಕೊಂಡು, ಆ ಭಾಗವನ್ನು ಮರುದಿನ ಅವರಿಗೇ ಕೇಳಿಸಿ ನಿಧಾನವಾಗಿ ಹೇಳಿಸಿಕೊಂಡರಾಯಿತು. ಗುಡುಗುಡು ಸದ್ದನ್ನು ಫಿಲ್ಟರ್ ಹಾಕಿ ತೆಗೆಯುವುದಿದ್ದರೆ ಪ್ರತಿಯಲ್ಲಿ ತೆಗೆಯಿರಿ, ಮೂಲದಲ್ಲಿ ಬೇಡ. ಈ ಭಾಷೆಯಲ್ಲಿ ಗಂಟಲಿನ ಆಳದಿಂದ ಬರುವ ವ್ಯಂಜನಗಳಿವೆ, ಅವುಗಳ ಪಕ್ಕದಲ್ಲಿ ದನಿ ಕರಕರವೆಂದು ತಗ್ಗುತ್ತದೆ. ರೈಲಿನ ಸದ್ದಿನ ಜೊತೆ ಅದೂ ಹೋಗಿಬಿಡುತ್ತದೆ.

ಲಿಟ್ಟನ್‌ನಲ್ಲಿ ಮೂಲನಿವಾಸಿ ಮಕ್ಕಳ ಸೇಂಟ್ ಜಾರ್ಜ್ ವಸತಿ ಶಾಲೆ 1979ರ ತನಕ ಇತ್ತು. ಇಂಥ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ‘ಯಾವ ಶಾಲೆಗೆ ಹೋಗಿದ್ದಿರಿ’ ಎಂಬುದು ನಮೂನೆಯ ಮೊದಲ ಸಾಲಿನಲ್ಲಿದ್ದರೆ ಅದನ್ನು ಹೊಡೆದುಹಾಕಿ. ಅವರಾಗಿ ಹೇಳಿದರೆ ಕೇಳಿ, ಆಗಲೂ ಯಂತ್ರ ನಡೆಯಲೋ ನಿಲ್ಲಿಸಲೋ ಎಂದು ಕೇಳಿಕೊಂಡು.

ಶನಿವಾರ, ಸ್ಪೆನ್ಸಸ್ ಬ್ರಿಜ್‌ನಿಂದ ನಿಕೋಲಾ ಕಣಿವೆ

ಶೆಟ್‌ಲ್ಯಾಂಡ್ ದ್ವೀಪದಿಂದ 1884ರಲ್ಲಿ ಬಂದ ಜೇಮ್ಸ್ ಟೇಟ್ ಸ್ಪೆನ್ಸಸ್ ಬ್ರಿಜ್‌ನಲ್ಲಿ ನೆಲೆಸಿ, ನ್ಲಕಾಪಮುಖ್ ಹೆಂಗಸೊಬ್ಬರನ್ನು ಮದುವೆಯಾಗಿ, ಅವರ ಭಾಷೆ ಕಲಿತವರು. 1894ರಲ್ಲಿ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಇಲ್ಲಿಗೆ ಬಂದಾಗ ಭೇಟಿಯಾಗಿ, 1922ರಲ್ಲಿ ಸಾಯುವ ತನಕ ಅವರಿಗಾಗಿ ಬರೆದು ಕಳಿಸುತ್ತಲೇ ಇದ್ದರು. ಮೇಣದ ಸಿಲಿಂಡರ್‌ನಲ್ಲಿ ಹಾಡುಗಳನ್ನೂ ಹಿಡಿದಿಟ್ಟರು. ಆ ಸಿಲಿಂಡರ್‌ಗಳ ಪ್ರತಿಯನ್ನು ಇವತ್ತು ಹಿರಿಯರಿಗೆ ಕೇಳಿಸುವಾಗ ತೊಡಕೊಂದಿದೆ. ರೆಕಾರ್ಡ್ ಮಾಡಿದಾಗ ಸಿಲಿಂಡರ್ ಎಷ್ಟು ವೇಗದಲ್ಲಿ ತಿರುಗುತ್ತಿತ್ತು ಎಂಬುದು ತಿಳಿಯದಿದ್ದರೆ ದನಿಯ ಎತ್ತರವೂ ಲಯವೂ ಏರುಪೇರು. ಒಂದೇ ಹಾಡನ್ನು ಮೂರು ವೇಗದಲ್ಲಿ ಕೇಳಿಸಿ, ಯಾವುದು ಮನುಷ್ಯರ ದನಿ ಅನಿಸುತ್ತದೆ ಎಂದು ಅವರನ್ನೇ ಕೇಳುವುದು ಮೇಲು.

ಮುಂದೆ 8ನೇ ಹೆದ್ದಾರಿ ಹಿಡಿದರೆ ನಿಕೋಲಾ ಕಣಿವೆ. ಇಲ್ಲಿ ಒಂದು ಕಾಲಕ್ಕೆ ಸೇಲಿಶ್ ಅಲ್ಲದ, ಅಥಬಾಸ್ಕನ್ ಕುಟುಂಬದ ಭಾಷೆಯೊಂದಿತ್ತು. ಅದನ್ನಾಡುವವರು ಸುತ್ತಲಿನ ಸೇಲಿಶ್ ಭಾಷೆಗಳಿಗೆ ಹೊರಳಿಕೊಂಡರು. ಈಗ ಉಳಿದಿರುವುದು ಕೆಲವು ಸಣ್ಣ ಪದಪಟ್ಟಿಗಳು ಮಾತ್ರ. ಪದಗಳಿವೆ, ಅಥಬಾಸ್ಕನ್ ಎಂದು ಗುರುತಿಸಲು ಅವು ಸಾಕು. ಆದರೆ ‘ನಿನ್ನೆ ಬಂದರಂತೆ’ ಎಂಬಷ್ಟು ಚಿಕ್ಕ ಮಾತನ್ನು ಅವರು ಹೇಗೆ ಹೇಳುತ್ತಿದ್ದರು ಎಂದು ಆ ಪಟ್ಟಿಗಳಿಂದ ಕಟ್ಟಲಾಗದು. ಪದಪಟ್ಟಿಗೆ ಅರ್ಧ ಗಂಟೆ ಸಾಕು ಎಂದು ಮಂಗಳವಾರ ಹೇಳಿದ್ದು ಇದನ್ನು ನೋಡಿಯೇ.

ನಮ್ಮ ಕಡೆಯ ಒಂದು ಕೊಂಡಿ ಇಲ್ಲಿ ನೆನಪಾಗುತ್ತದೆ. ಕೊಡಗು ಮತ್ತು ನೀಲಗಿರಿಯಲ್ಲಿ 1935ರಿಂದ 38ರವರೆಗೆ ಕೊಡವ, ತೋಡ, ಕೋತ ಭಾಷೆಗಳನ್ನು ದಾಖಲಿಸಿದ ಎಂ. ಬಿ. ಎಮನೋ ಹುಟ್ಟಿದ್ದು ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಆಮೇಲೆ ಬರ್ಕಲಿಯಲ್ಲಿ ಮೇರಿ ಹಾಸ್ ಜೊತೆ ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಗಳ ಸರ್ವೆ ಕಟ್ಟುವುದರಲ್ಲೂ ಅವರ ಕೈಯಿತ್ತು. ನೀಲಗಿರಿಯಲ್ಲಿ ಅವರು ಪದಗಳಿಗೆ ನಿಲ್ಲದೆ ಕೋತರ ಕಥೆಗಳನ್ನು, ತೋಡರ ಹಾಡುಗಳನ್ನು ಇಡಿಇಡಿಯಾಗಿ ಬರೆದುಕೊಂಡದ್ದರಿಂದಲೇ ಆ ಭಾಷೆಗಳ ವಾಕ್ಯರಚನೆಯ ಬಗ್ಗೆ ಇಂದಿಗೂ ಹೊಸ ಪ್ರಶ್ನೆ ಕೇಳಬಹುದಾಗಿದೆ.

ಭಾನುವಾರ, ಮೆರಿಟ್

ಕೊನೆಯ ದಿನ ಮೇಜಿನ ಕೆಲಸ. ಕಡತದ ಹೆಸರು ಒಂದೇ ಬಗೆಯಲ್ಲಿರಲಿ: ಭಾಷೆಯ ಮೂರಕ್ಷರದ ಐಎಸ್‌ಒ ಸಂಕೇತ, ವರ್ಷ-ತಿಂಗಳು-ದಿನ, ಮಾತಾಡಿದವರ ಸಂಕೇತ, ಕ್ರಮಸಂಖ್ಯೆ. ಹೆಸರಿನಲ್ಲಿ ಖಾಲಿ ಜಾಗವಾಗಲಿ ಅಪಾಸ್ಟ್ರಫಿಯಾಗಲಿ ಬೇಡ. ಸದ್ದಿನ ಜೊತೆ ಬರಹ ಹೊಂದಿಸುವ ಈಲಾನ್ ತಂತ್ರಾಂಶದಲ್ಲಿ ಒಂದು ಸಾಲು ಆ ಭಾಷೆಗೆ, ಒಂದು ಅನುವಾದಕ್ಕೆ, ಒಂದು ಸನ್ನಿವೇಶಕ್ಕೆ, ಒಂದು ಹೇಳಿದವರ ಟಿಪ್ಪಣಿಗೆ. ಸನ್ನಿವೇಶದ ಸಾಲು ಹೆಚ್ಚಿನವರ ಕಡತದಲ್ಲಿ ಇರುವುದೇ ಇಲ್ಲ.

ಅಪಾಸ್ಟ್ರಫಿಯ ಕಾಟ ಬೇರೆ. ಎಜೆಕ್ಟಿವ್ ಗುರುತಿಸಲು ಬಳಸುವ ಆ ಕೊಂಬು ಯೂನಿಕೋಡ್‌ನಲ್ಲಿ ನಾಲ್ಕೈದು ಬೇರೆ ಬೇರೆ ಅಕ್ಷರವಾಗಿ ಇದೆ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಒಬ್ಬರು ಒಂದು, ಇನ್ನೊಬ್ಬರು ಮತ್ತೊಂದು ಒತ್ತಿದರೆ ನಿಘಂಟಿನಲ್ಲಿರುವ ಪದವೂ ಹುಡುಕಿದರೆ ಸಿಗುವುದಿಲ್ಲ. ನುಡಿ, ಬರಹ ಫಾಂಟುಗಳ ಕಾಲದ ಕಡತವನ್ನು ಯೂನಿಕೋಡ್‌ಗೆ ತಿರುಗಿಸಿದವರಿಗೆ ಈ ಸಂಕಟ ಗೊತ್ತು. ಮೂಲನಿವಾಸಿ ಭಾಷೆಗಳ ಜಾಲತಾಣ ಫಸ್ಟ್‌ವಾಯ್ಸಸ್ ಕೊಡುವ ಕೀಬೋರ್ಡ್ ಹಾಕಿಕೊಂಡು, ಊರಿನವರು ಬಳಸುವ ಅಕ್ಷರವನ್ನೇ ಬಳಸುವುದು ನೇರವಾದ ದಾರಿ.

ಕೊನೆಗೆ ಒಪ್ಪಿಗೆಯ ಪಟ್ಟಿ. ವಾರದ ಆರಂಭದಲ್ಲಿ ಸಹಿ ಹಾಕಿದ್ದು ಸಾಲದು, ಏನು ಹೇಳಬೇಕಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ರೆಕಾರ್ಡಿಂಗ್‌ಗಳನ್ನು ಒಂದೊಂದಾಗಿ ಕೇಳಿಸಿ ನಾಲ್ಕರಲ್ಲಿ ಒಂದು ಗುರುತು ಹಾಕಿಸಬೇಕು: ಎಲ್ಲರಿಗೂ, ಸಮುದಾಯಕ್ಕೆ ಮಾತ್ರ, ಮನೆಯವರಿಗೆ ಮಾತ್ರ, ಅಳಿಸಿ. ಬುಟ್ಟಿಯ ವಾಕ್ಯಗಳು ಎಲ್ಲರಿಗೂ ಎಂದಾದಾವು. ನಡುವೆ ಬಂದ ನೆಂಟರಿಷ್ಟರ ಮಾತು ಹಾಗಲ್ಲ, ಅದಿರುವ ತುಣುಕನ್ನು ಕತ್ತರಿಸಿ ಬೇರೆ ಕಡತ ಮಾಡಬೇಕು. ಅಳಿಸಿ ಎಂದದ್ದನ್ನು ಮೂರೂ ಪ್ರತಿಯಲ್ಲಿ ಅಳಿಸಿ, ಅಳಿಸಿದ ದಿನಾಂಕ ಬರೆದಿಡಬೇಕು. ಒಂದು ಡಿಸ್ಕ್ ಊರಿನ ಭಾಷಾ ಕಚೇರಿಗೆ, ಮುಚ್ಚಳದ ಮೇಲೆ ಯಾವ ಕಡತ ಯಾರದ್ದು ಎಂಬ ಪಟ್ಟಿ ಅಂಟಿಸಿ. ಮನೆಯವರಿಗೆ ಡಿಸ್ಕ್ ಬೇಡ, ಕಾರಿನ ಸ್ಟೀರಿಯೊದಲ್ಲಿ ಕೇಳಲು ಬರುವಂತೆ ಪೆನ್‌ಡ್ರೈವ್‌ನಲ್ಲಿ ಎಂಪಿ3 ಮಾಡಿ ಕೊಡಿ. ಎಂಪಿ3 ಉಪಯೋಗಕ್ಕೆ ಬರುವ ಜಾಗ ಅದೊಂದೇ.